ಬಿಳಿನೊಣದ ಭಾನುವಾರಗಳು

ಅವಲಪಲ್ಲಿ, ಹೊಸೂರು
೩ ಫೆಬ್ರವರಿ ೨೦೨೫

ಚೆಲುವಾ,

ನೀನು ಚೆನ್ನಾಗಿದ್ದೀಯ ಎಂದು ಗೊತ್ತು. ನನ್ನ ಮಗಳನ್ನು ಮನೆಯಲ್ಲಿ ಇಟ್ಟುಕೊಂಡವಳು ಚೆನ್ನಾಗಿರದೆ ಇನ್ನೇನು? ಆದ್ದರಿಂದ ಕ್ಷೇಮ ಕೇಳುವ ಶಾಸ್ತ್ರ ಬಿಟ್ಟಿದ್ದೇನೆ.

ಈ ಕಾಲದಲ್ಲಿ ಅತ್ತಿಗೆ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನಿಮ್ಮ ಜವಳಗಿರಿ ಕಾಡಂಚಿನಲ್ಲಿ ಟವರ್ ಸಿಗುವುದು ಕೊಟ್ಟಿಗೆ ಹಿಂದಿನ ಬಂಡೆಯ ಮೇಲೆ ಮಾತ್ರ. ನಾನು ಫೋನ್ ಮಾಡಿದರೆ ಸಿಂಚನಾ ನಿನ್ನ ಜೊತೆಗೇ ಬಂಡೆ ಹತ್ತಿ ಸ್ಪೀಕರ್ ಹಾಕುತ್ತಾಳೆ. ಇತ್ತ ನಿನ್ನಣ್ಣ ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ತಂಗಿಯನ್ನು ಒಂದು ಮಾತು ಅಂದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ನಿಮ್ಮೂರ ಶಿವಣ್ಣ ಬೀನ್ಸು, ಕೋಸು ಹೊಸೂರು ಮಾರ್ಕೆಟ್ಟಿಗೆ ಹಾಕಿ ಖಾಲಿ ಟೆಂಪೊದಲ್ಲಿ ವಾಪಸು ಹೋಗುತ್ತಾನಲ್ಲ, ಅವನ ಕೈಗೆ ಕೊಡುತ್ತೇನೆ. ಅವನು ತಮಿಳು ಶಾಲೆಯಲ್ಲಿ ಓದಿದವನು, ಕನ್ನಡ ಓದಲು ಬರುವುದಿಲ್ಲ. ಅದೂ ಒಳ್ಳೆಯದೇ.

ವಿಷಯಕ್ಕೆ ಬರುತ್ತೇನೆ. ದೀಪಾವಳಿ ಮುಗಿಸಿಕೊಂಡು, "ಅಮ್ಮಾ, ಅತ್ತೆ ತೋಟದ ತೆಂಗಿಗೆ ಬಿಳಿನೊಣ ಬಿದ್ದೈತಂತೆ, ನೋಡ್ಕೊಂಡ್ ಬತ್ತೀನಿ" ಎಂದು ಹೊರಟವಳು ಅವಳು. ಅಗ್ರಿ ಓದಿದ ಹುಡುಗಿ, ನೋಡಲಿ ಎಂದೆ. ಸಂಕ್ರಾಂತಿಯೂ ಆಯಿತು. ಇಲ್ಲಿ ಅವಳ ಸರ್ಕಾರಿ ಪರೀಕ್ಷೆಯ ಪುಸ್ತಕಗಳಿಗೆ ಧೂಳು ಹಿಡಿದಿದೆ. ಫೋನಿನಲ್ಲಿ ಬರೀ ಆ ನೊಣದ ಪುರಾಣ. ಅದು ನಮ್ಮ ದೇಶದ್ದಲ್ಲ, ಹೊರಗಿನಿಂದ ಬಂದದ್ದು, ಇಲ್ಲಿ ಅದನ್ನು ಹದ್ದುಬಸ್ತಿನಲ್ಲಿ ಇಡುವವರಿಲ್ಲ, ಹೊಕ್ಕ ಕಡೆ ಬೀಡುಬಿಟ್ಟು ಮರದ ಸತ್ವವನ್ನೆಲ್ಲ ಹೀರುತ್ತದಂತೆ. ಕೇಳುತ್ತಾ ಕೇಳುತ್ತಾ ನನಗೆ ಯಾರದೋ ನೆನಪಾಯಿತು. ಹೆಸರು ಹೇಳುವುದಿಲ್ಲ.

ಈಗ ನನ್ನ ಅಂಗಳದ ಮೂರು ತೆಂಗಿಗೂ ಅದೇ ಬಿದ್ದಿದೆ. ಗರಿ ತಿರುಗಿಸಿದರೆ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಹಿಟ್ಟು. ಮೇಲಿಂದ ಅಂಟು ಸುರಿದು ಒಗೆದ ಬಟ್ಟೆ, ಸ್ಕೂಟರ್ ಸೀಟು, ಮೆಟ್ಟಿಲು ಎಲ್ಲ ಜಿಗುಟು. ಆ ಅಂಟಿನ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಬೂಷ್ಟು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇದಕ್ಕೇ. ನಿನ್ನ ತೋಟಕ್ಕೆ ದಿನಾ ಡಾಕ್ಟರಮ್ಮ, ಹೆತ್ತವಳ ಮರ ಕೇಳುವವರಿಲ್ಲ. ಅವಳನ್ನು ಕಳಿಸು. ಮರಕ್ಕಾದರೂ ಬರಲಿ.

ಶ್ರೀರಂಜನಿ


ಜವಳಗಿರಿ
೭ ಫೆಬ್ರವರಿ ೨೦೨೫

ಅತ್ತಿಗೆಯವರಿಗೆ ಚೆಲುವಮ್ಮ ಮಾಡುವ ನಮಸ್ಕಾರ.

ನೀವು ಮೇಡಂನೋರು, ಚುಚ್ಚಿದರೂ ಚೆಂದವಾಗಿ ಚುಚ್ಚುತ್ತೀರಿ. ನನ್ನದು ಏಳನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳಿ, ಆದರೆ ಓದಿ.

ಈ ಭಾನುವಾರ ಸಿಂಚು ಬರುತ್ತಾಳೆ. ನಮ್ಮ ತೋಟದ ಗರಿಯನ್ನು ತುಂಡು ತುಂಡು ಮಾಡಿ ಪೇಪರಿನಲ್ಲಿ ಸುತ್ತಿ ತರುತ್ತಾಳೆ. ಕಪ್ಪು ಚುಕ್ಕಿ ಇರುವ ಗರಿ ತಂದಳು ಎಂದು ಬಯ್ಯಬೇಡಿ. ಅವಳು ನನಗೆ ಹೇಳಿಕೊಟ್ಟದ್ದನ್ನೇ ನಿಮಗೆ ಹೇಳುತ್ತೇನೆ. ಒಂದು ಕಣಜ ಇದೆಯಂತೆ, ಸಾಸಿವೆಗಿಂತ ಸಣ್ಣದು, ಮನುಷ್ಯರನ್ನು ಕಚ್ಚುವುದಿಲ್ಲ. ಅದು ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಆ ಮರಿ ಕಪ್ಪಗಾಗಿ ಸಾಯುತ್ತದೆ, ಅದರೊಳಗಿಂದ ಹೊಸ ಕಣಜ ಹಾರುತ್ತದೆ. ಅಂಥ ಕಪ್ಪು ಮರಿ ಇರುವ ಗರಿಯ ತುಂಡನ್ನು ರೋಗದ ಮರಕ್ಕೆ ಪಿನ್ನು ಹಾಕಿ ಸಿಕ್ಕಿಸಿದರೆ ಅಲ್ಲೂ ಕಣಜ ಸಂಸಾರ ಹೂಡುತ್ತದೆ. ನಮ್ಮ ತೋಟ ಹಾಗೇ ಚೇತರಿಸಿಕೊಂಡಿದ್ದು.

ಒಂದೇ ಒಂದು ಪಥ್ಯ. ಔಷಧಿ ಹೊಡೆಯಬಾರದು. ಹೊಡೆದರೆ ಮೊದಲು ಸಾಯುವುದು ಕಣಜ. ನೊಣ ನಾಲ್ಕು ದಿನ ಸತ್ತ ಹಾಗೆ ಮಾಡಿ ಮತ್ತೆ ಎದ್ದು ಬರುತ್ತದೆ. ಬೂಷ್ಟು ತೊಳೆಯಲು ಗಂಜಿ ನೀರು ಎರಚಿ, ಒಣಗಿದ ಮೇಲೆ ಸಿಪ್ಪೆ ಎದ್ದು ಬೀಳುತ್ತದೆ.

ಸಿಂಚು ಇಲ್ಲಿ ಮುದ್ದೆ ನುಂಗುವುದು ಕಲಿತಳು. ಮೊದಲು ಅಗಿಯುತ್ತಿದ್ದಳು, ಯಜಮಾನರು ಬಿದ್ದು ಬಿದ್ದು ನಗುತ್ತಿದ್ದರು. ಇದನ್ನು ಬರೆದರೆ ನಿಮಗೆ ಸಂಕಟವಾಗುತ್ತದೆ ಎಂದು ಗೊತ್ತು, ಗೊತ್ತಿದ್ದೇ ಬರೆದೆ. ನಿಮಗೆ ಅವಳು ಹುಟ್ಟಿದಾಗಿನಿಂದ ಸಿಕ್ಕಿದ್ದಾಳೆ ಅತ್ತಿಗೆ. ನನ್ನ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲ. ನಾನು ನಿಮ್ಮನ್ನು ನೋಡಿ ಎಷ್ಟು ವರ್ಷ ಕರುಬಿದ್ದೇನೆ ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ನಿಮ್ಮ
ಚೆಲುವಮ್ಮ


ಅವಲಪಲ್ಲಿ
೧೧ ಮಾರ್ಚ್ ೨೦೨೫

ಚೆಲುವಾ,

ನಿನ್ನ ಕಾಗದದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅದೇ ನನಗೆ ಸಿಟ್ಟು.

ಮೂರು ನಾಲ್ಕು ಭಾನುವಾರ ಬಂದಳು. ಅವಳು ಏಣಿ ಹತ್ತುವುದು, ನಾನು ಏಣಿ ಹಿಡಿದು ನಿಲ್ಲುವುದು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ತುಂಡು ಸಿಕ್ಕಿಸುತ್ತಿದ್ದಳು. ಚಿಕ್ಕವಳಿದ್ದಾಗ ಜಡೆ ಹಾಕುವಾಗ ಹೇರ್‌ಪಿನ್ನನ್ನು ಹಾಗೇ ಕಚ್ಚಿಕೊಂಡಿರುತ್ತಿದ್ದಳು, ಬಯ್ಯುತ್ತಿದ್ದೆ. ಈಗ ಬಯ್ಯಲಿಲ್ಲ. ಇಳಿದು ಬಂದು ಮೊಸರನ್ನ ತಿಂದು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಅಷ್ಟಕ್ಕೇ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಅರೆನಿದ್ದೆಯಲ್ಲಿ ಅವಳು ಹೇಳಿದ್ದೇನು ಗೊತ್ತೇ? "ಅತ್ತೆ ಮನೆ ಮೊಸರು ಇನ್ನೂ ಗಟ್ಟಿ ಇರ್ತದೆ."

ಹೋದ ಭಾನುವಾರ ಗರಿ ತಿರುಗಿಸಿ ನೋಡಿ ಕುಣಿದಳು. "ಅಮ್ಮಾ, ಕಪ್ಪು ಬಂತು! ಗೆದ್ದೋದ್ವಿ!" ನಾನೂ ಕುಣಿಯಬೇಕಿತ್ತು. ಕೈ ತೊಳೆದುಕೊಂಡು, "ಇನ್ಮೇಲೆ ನಾನು ಬರೋದು ಬ್ಯಾಡ, ಅದೇ ನೋಡ್ಕೊಳ್ತದೆ" ಎಂದಳು. ಈ ಭಾನುವಾರ ಬರಲಿಲ್ಲ. ಕೇಳಿದರೆ ತೊರಪಲ್ಲಿ ಅಗ್ರಹಾರದ ತೋಟದವರೆಲ್ಲ ಕರೆದಿದ್ದಾರಂತೆ, ದೊಡ್ಡವೆಂಕಟಪ್ಪ ಎನ್ನುವ ಮುದುಕರ ತೋಟದಲ್ಲಿ ಮೊದಲು ಶುರುವಂತೆ. ತೊರಪಲ್ಲಿ ನನ್ನ ಮನೆಗೆ ಹತ್ತಿರ, ನಿನ್ನ ಮನೆಗೆ ದೂರ. ಆದರೂ ಅಲ್ಲಿಂದ ನೇರ ನಿನ್ನಲ್ಲಿಗೆ ಹೋದಳು.

ವಾಸಿಯಾದ ಮರಕ್ಕೆ ಡಾಕ್ಟರು ಬರುವುದಿಲ್ಲ. ಈ ಸತ್ಯ ನನಗೆ ತಡವಾಗಿ ಹೊಳೆಯಿತು. ಇರಲಿ.

ಶ್ರೀರಂಜನಿ


ಜವಳಗಿರಿ
೪ ಏಪ್ರಿಲ್ ೨೦೨೫

ಅತ್ತಿಗೆಯವರಿಗೆ,

ಯುಗಾದಿಗೆ ಅವಳನ್ನು ನಿಮ್ಮಲ್ಲಿಗೆ ಕಳಿಸಿ ನಾವಿಬ್ಬರೇ ಬೇವುಬೆಲ್ಲ ತಿಂದೆವು. ಬೇವೇ ಜಾಸ್ತಿ ಇತ್ತು ಅನ್ನಿಸಿತು.

ಸಿಂಚು ಹಬ್ಬದಿಂದ ಬಂದವಳು ಸರಿಯಾಗಿಲ್ಲ. ನಿಮ್ಮ ಮರಕ್ಕೆ ಮತ್ತೆ ಬಿಳಿನೊಣ ಹತ್ತಿದೆಯಂತೆ, ಮೊದಲಿಗಿಂತ ಹೆಚ್ಚಾಗಿ. ಕಪ್ಪು ಮರಿ ಹುಡುಕಿದರೂ ಒಂದಿಲ್ಲವಂತೆ. "ಯಾಕತ್ತೆ ಹಿಂಗಾಯ್ತು, ಪಿನ್ನು ಹಾಕೋವಾಗ ನಾನೇ ಏನಾರ ತಪ್ಪು ಮಾಡ್ಬುಟ್ನಾ" ಎಂದು ಕೇಳುತ್ತಲೇ ಇರುತ್ತಾಳೆ. ಇನ್ನು ಪ್ರತಿ ಭಾನುವಾರ ನಿಮ್ಮಲ್ಲಿಗೆ ಬಂದು ಹೊಸ ತುಂಡು ಸಿಕ್ಕಿಸುತ್ತಾಳಂತೆ. ನಿಮಗೆ ಸಂತೋಷವೇ ಆಗಿರಬೇಕು.

ನನಗೆ ಭಯ ಬೇರೆ ಕಡೆ. ತೊರಪಲ್ಲಿಯವರು ಇವಳ ಮಾತು ನಂಬಿ ಈ ಬೇಸಿಗೆ ಔಷಧಿ ಹೊಡೆಯದೆ ಕೂತಿದ್ದಾರೆ. ಅಲ್ಲಿ ಕಣಜ ಈಗಷ್ಟೇ ತಲೆ ಎತ್ತುತ್ತಿದೆ. ದೊಡ್ಡವೆಂಕಟಪ್ಪ ಮೊನ್ನೆ, "ಏನಮ್ಮಣ್ಣಿ, ನಿಮ್ಮಮ್ಮನ ಮನೆ ಮರನೇ ವಾಸಿ ಆಗ್ನಿಲ್ವಂತಲ್ಲ, ನಮ್ ತೋಟ ಏನ್ ಉಳ್ಸೀಯೆ?" ಎಂದರಂತೆ. ಅವರ ಮುಂದೆ ನಕ್ಕಳಂತೆ, ಇಲ್ಲಿ ಬಂದು ಅತ್ತಳು. ನನ್ನ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು ಎಂದು ಬರೆದರೆ ನಿಮಗೆ ಅದೂ ಹೊಟ್ಟೆಯುರಿ. ಆದರೂ ಬರೆದೆ.

ಚೆಲುವಮ್ಮ


ಅವಲಪಲ್ಲಿ
೨೨ ಏಪ್ರಿಲ್ ೨೦೨೫

ಚೆಲುವಾ,

ನೀನು ಸೆರಗು ಕೊಟ್ಟೆ, ನಾನು ಮಡಿಲು ಕೊಡುತ್ತಿದ್ದೇನೆ. ಲೆಕ್ಕ ಸರಿಯಾಯಿತು.

ಈಗ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಹಬ್ಬ. ಶನಿವಾರವೇ ಉದ್ದು ನೆನೆಹಾಕುತ್ತೇನೆ. ನಿನ್ನಣ್ಣ ಕೂಡ ಓವರ್‌ಟೈಮ್ ಬೇಡವೆಂದು ಮನೆಯಲ್ಲಿರುತ್ತಾರೆ. ಅವಳು ಏಣಿಯ ಮೇಲೆ, ನಾವಿಬ್ಬರೂ ಕೆಳಗೆ. ಅವಳ ಮುಖ ಬಾಡಿರುವುದು ನಿಜ. ಬಿಸಿಲಿಗೆ ಎಲ್ಲರ ಮುಖವೂ ಬಾಡುತ್ತದೆ.

ಪಕ್ಕದ ಮನೆ ಕದಿರಮ್ಮ ನಿನ್ನೆ ಬೇಲಿಯ ಮೇಲಿಂದ ಜಗಳಕ್ಕೆ ಬಂದಳು. ನಮ್ಮ ಮರದಿಂದ ನೊಣ ಹಾರಿ ಅವಳ ತೆಂಗಿಗೆ, ತೆಂಗಿನಿಂದ ಸೀಬೆಗೆ, ಸೀಬೆಯಿಂದ ಹಿಂದಿನ ಬೀದಿಯವರ ಬಾಳೆಗೆ ಹತ್ತಿದೆಯಂತೆ. "ಮಗ್ಳು ಹುಳಾನ್ ಬುಡ್ತಾಳೋ, ಹಿಡೀತಾಳೋ ಕೇಳು" ಎಂದಳು. ನಾನು, "ಮರಕ್ಕೆ ನಾನೇನೂ ಮಾಡಿಲ್ಲ" ಎಂದೆ. ಮರಕ್ಕೆ ಏನು ಮಾಡಿದೆ ಎಂದು ಅವಳು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಇದನ್ನು ಯಾಕೆ ನಿನಗೆ ಬರೆದೆನೋ ಗೊತ್ತಿಲ್ಲ.

ನೀನು ನೊಣ ಹಿಡಿಯುವ ಹಳದಿ ಅಂಟುಹಾಳೆ ಕಟ್ಟಿ ನೋಡಿ ಎಂದು ಹೇಳಿಕಳಿಸಿದ್ದೆಯಲ್ಲ, ಕಟ್ಟಿದ್ದೇನೆ. ನೋಡುವವರಿಗೆ ಚೆನ್ನಾಗಿ ಕಾಣುತ್ತದೆ.

ಶ್ರೀರಂಜನಿ


ಅವಲಪಲ್ಲಿ
೫ ಮೇ ೨೦೨೫

ಅತ್ತೆ,

ಬಂಡೆ ಮೇಲೆ ನಿಂತು ನನಗೆ ಫೋನ್ ಮಾಡುತ್ತಾ ಇರಬೇಡ, ಸ್ವಿಚ್ ಆಫ್ ಮಾಡಿದ್ದೇನೆ. ನಾನು ವಾಪಸು ಬರುತ್ತಿಲ್ಲ. ನನ್ನ ಬಟ್ಟೆ, ಭೂತಗನ್ನಡಿ, ಬೆಡ್‌ಶೀಟು ಶಿವಣ್ಣಮಾವನ ಟೆಂಪೊದಲ್ಲಿ ಕಳಿಸಿಬಿಡು. ಭೂತಗನ್ನಡಿ ಬೇಡ, ನೀನೇ ಇಟ್ಟುಕೋ.

ನಮ್ಮಮ್ಮನ ಮನೆಯ ಮೂರು ಮರ ಉಳಿಸಲು ಆಗಲಿಲ್ಲ ನನಗೆ. ಏನೇನು ಮಾಡಬೇಕೋ ಎಲ್ಲ ಮಾಡಿದೆ. ನಿನ್ನ ತೋಟದಲ್ಲಿ ಆದದ್ದು ಬರೀ ಅದೃಷ್ಟ ಇರಬೇಕು. ಇವತ್ತು ತೊರಪಲ್ಲಿಗೆ ಹೋಗಿ ದೊಡ್ಡವೆಂಕಟಪ್ಪ ತಾತನಿಗೆ ಹೇಳಿಬಂದೆ, ನನ್ನನ್ನು ನಂಬಿ ಕೂರಬೇಡಿ, ನಿಮಗೆ ತೋಚಿದ್ದು ಮಾಡಿ ಅಂತ. ಅವರು ಬೈಯಲಿಲ್ಲ. ಎಳನೀರು ಕೊಚ್ಚಿ ಕೊಟ್ಟರು. ಕುಡಿಯಲು ಆಗಲಿಲ್ಲ.

ಪರೀಕ್ಷೆಗೆ ಓದುತ್ತೇನೆ. ಅಮ್ಮ ಹೇಳಿದ್ದೇ ಸರಿ. ಮಾವನಿಗೆ ಹೇಳು.

ಸಿಂಚು


ಅವಲಪಲ್ಲಿ
೧೨ ಮೇ ೨೦೨೫

ಚೆಲುವಾ,

ಬಂದಳು. ಚೀಲದ ಸಮೇತ ಬಂದಳು. ನೀನು ಕಳಿಸಿದ ಬಟ್ಟೆಯನ್ನು ನಾನೇ ಮತ್ತೊಮ್ಮೆ ಒಗೆದು ಬೀರುವಿನಲ್ಲಿ ಇಟ್ಟೆ, ಅದರಲ್ಲಿದ್ದ ನಿನ್ನ ಮನೆಯ ಹೊಗೆ ವಾಸನೆ ಹೋಗಲಿ ಎಂದು.

ಬಂದ ದಿನ ಪಾಯಸ ಮಾಡಿದೆ. ಎರಡು ಚಮಚ ತಿಂದಳು. ಈಗ ಅವಳ ಕೋಣೆಯಲ್ಲಿ ಪುಸ್ತಕ ತೆರೆದುಕೊಂಡು ಗೋಡೆ ನೋಡುತ್ತಾ ಕೂತಿರುತ್ತಾಳೆ. ಅಂಗಳದ ಕಡೆಯ ಕಿಟಕಿ ಮುಚ್ಚಿದ್ದಾಳೆ. ನಾನು ಏನು ಹೇಳಿದರೂ "ಸರಿ ಅಮ್ಮ" ಎನ್ನುತ್ತಾಳೆ. ಜಡೆ ಹಾಕಲೇ ಎಂದರೆ ಸರಿ ಅಮ್ಮ. ಊಟಕ್ಕೆ ಬಾ ಎಂದರೆ ಸರಿ ಅಮ್ಮ. ಇಷ್ಟು ವರ್ಷದಲ್ಲಿ ಒಂದು ಮಾತಿಗೂ ಎದುರಾಡದೆ ಬಿಟ್ಟವಳಲ್ಲ. ನಿನ್ನಣ್ಣ ನನ್ನನ್ನು ನೋಡುತ್ತಾರೆ, ನಾನು ಪಾತ್ರೆ ತೊಳೆಯುತ್ತೇನೆ.

ಒಂದು ಕೇಳುತ್ತೇನೆ. ಕೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮನೆಯಲ್ಲಿ ಅವಳು ನಗುತ್ತಿದ್ದಳಂತೆ. ಮುದ್ದೆ ಅಗಿಯುತ್ತಾ, ಬಂಡೆ ಹತ್ತುತ್ತಾ, ಆನೆ ಬಂತೆಂದು ಓಡುತ್ತಾ ನಗುತ್ತಿದ್ದಳು ಎಂದು ಶಿವಣ್ಣ ಹೇಳಿದ. ನೀನು ಅವಳಿಗೆ ಏನು ಮಾಡುತ್ತಿದ್ದೆ?

ಶ್ರೀರಂಜನಿ


ಜವಳಗಿರಿ
೧೫ ಮೇ ೨೦೨೫

ಅತ್ತಿಗೆ,

ನಾನು ಏನೂ ಮಾಡುತ್ತಿರಲಿಲ್ಲ. ಅವಳ ಪಾಡಿಗೆ ಅವಳನ್ನು ಕೆಲಸ ಮಾಡಲು ಬಿಡುತ್ತಿದ್ದೆ.

ನೇರವಾಗಿ ಬರೆಯುತ್ತೇನೆ, ಕೋಪ ಮಾಡಿಕೊಂಡರೆ ಮಾಡಿಕೊಳ್ಳಿ. ಮೊನ್ನೆ ನಮ್ಮೂರಿನ ಗುಲಾಬಿ ಹೂ ಬೆಳೆಯುವ ಶೆಡ್ಡಿಗೆ ಔಷಧಿ ಹೊಡೆಯಲು ಹೊಸೂರಿನ ಸುರೇಂದ್ರ ಬಂದಿದ್ದ, ಮೋಟಾರ್ ಪಂಪು ಬೆನ್ನಿಗೆ ಹಾಕಿಕೊಂಡು. ನೀರು ಕುಡಿಯಲು ನಮ್ಮ ಮನೆಗೆ ಬಂದ. ಮಾತಿಗೆ ಮಾತು ಬಂದು, "ಅವಲಪಲ್ಲೀಲಿ ಒಬ್ರು ಟೀಚರಮ್ಮ ಅವ್ರೆ ಕಣಕ್ಕಾ, ಮೂರೇ ತೆಂಗಿನ್ ಮರ, ಸೋಮ್ವಾರ ಆದ್ರೆ ಸಾಕು ಫೋನ್ ಮಾಡ್ತಾರೆ. ಯಜಮಾನ್ರು ಡ್ಯೂಟಿಗ್ ಹೋದ್ ಮ್ಯಾಕ್ ಬಾ ಅಂತಾರೆ" ಎಂದ. ನಾನು ಲೋಟ ಕೆಳಗಿಟ್ಟೆ.

ಭಾನುವಾರ ಅವಳು ಕಣಜ ಬಿಟ್ಟುಹೋಗುತ್ತಿದ್ದಳು, ಸೋಮವಾರ ನೀವು ಕೊಲ್ಲಿಸುತ್ತಿದ್ದಿರಿ. ಮರ ವಾಸಿಯಾಗಬಾರದು, ಅವಳು ಬರುತ್ತಲೇ ಇರಬೇಕು. ಅಲ್ಲವೇ?

ಅವತ್ತೇ ಬಂಡೆ ಹತ್ತಿದೆ. ಅಣ್ಣನ ಫೋನಿಗೆ ಮಾಡಿ ಸಿಂಚುಗೆ ಕೊಡಿ ಎಂದರೆ ಮುಗಿಯಿತು. ಒಂದೇ ಮಾತು ಸಾಕು, ಅವಳು ಚೀಲ ಹಿಡಿದು ನನ್ನ ಮನೆಗೆ ಬರುತ್ತಾಳೆ, ಮತ್ತೆ ನಿಮ್ಮ ಹೊಸಿಲು ತುಳಿಯುವುದಿಲ್ಲ. ನನಗೆ ಬೇಕಾದದ್ದು ಅದೇ ಅಲ್ಲವೇ ಎಂದು ನಿಂತು ಯೋಚಿಸಿದೆ. ಫೋನ್ ಒತ್ತದೆ ಇಳಿದುಬಂದೆ. ನಿಮ್ಮ ಮೇಲಿನ ಕರುಣೆಯಿಂದಲ್ಲ. ತಾಯಿಯ ಮೇಲೆ ದ್ವೇಷ ಸಾಧಿಸಲು ಬಂದ ಹುಡುಗಿ ನನಗೆ ಬೇಡ. ಅವಳು ನಗುತ್ತಾ ಬರಬೇಕು.

ಆದ್ದರಿಂದ ನೀವೇ ಹೇಳಿ. ಬೇಗ ಹೇಳಿ. ಸುರೇಂದ್ರ ಇನ್ನೊಂದು ಮಾತೂ ಹೇಳಿದ. ಬರುವ ಸೋಮವಾರ ತೊರಪಲ್ಲಿಯ ತೋಟಗಳಿಗೆಲ್ಲ ಹೊಡೆಯಲು ದೊಡ್ಡವೆಂಕಟಪ್ಪ ಅವನನ್ನು ಗೊತ್ತುಮಾಡಿದ್ದಾರೆ. ಅಲ್ಲಿ ಹುಟ್ಟಿರುವ ಕಣಜ ಅವತ್ತಿಗೆ ಮುಗಿಯಿತು. ಆಮೇಲೆ ನೊಣಕ್ಕೆ ತಡೆಯಿಲ್ಲ, ಸಿಂಚು ಕೂಡ ಮತ್ತೆ ಮರದ ಹತ್ತಿರ ಹೋಗುವುದಿಲ್ಲ. ಭಾನುವಾರದೊಳಗೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ.

ಚೆಲುವಮ್ಮ


ಅವಲಪಲ್ಲಿ
೧೮ ಮೇ ೨೦೨೫

ಚೆಲುವಾ,

ಹೇಳಿದೆ. ನಿನ್ನ ಗಡುವಿಗೆ ಹೆದರಿ ಹೇಳಿದೆ ಎಂದುಕೋ, ಪರವಾಗಿಲ್ಲ.

ನಿನ್ನೆ ಬೆಳಿಗ್ಗೆ ಕಾಫಿ ಲೋಟ ಅವಳ ಮುಂದಿಟ್ಟು ನಿಂತೇ ಹೇಳಿದೆ: "ಸಿಂಚು, ಮರಕ್ಕೆ ನಾನು ಔಷಧಿ ಹೊಡೆಸಿದೆ. ಪ್ರತಿ ಸಲವೂ." ಬೈಯುತ್ತಾಳೆ, ಲೋಟ ಎಸೆಯುತ್ತಾಳೆ ಎಂದು ಕಾದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಏನಾಯಿತು ಗೊತ್ತೇ? ಅವಳ ಕಣ್ಣು ಅರಳಿತು. "ನಿಜ್ವಾಗ್ಲೂ ಅಮ್ಮಾ? ಎಲ್ಲಾ ಸಲಾನೂ? ಹಂಗಾದ್ರೆ ಕಣಜ ಸೋತಿಲ್ಲ!" ಎಂದು ಕೂಗಿ ಎದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಮುಚ್ಚಿದ್ದ ಕಿಟಕಿಯನ್ನು ದಡಾರನೆ ತೆರೆದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ ಪಾಪ ಅವಳ ಪಾಲಿಗೆ ಶುಭಸಮಾಚಾರವಾಯಿತು. ಇಷ್ಟು ದಿನ ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಿನ್ನೆಯಿಂದ ಸಾಸಿವೆಗಿಂತ ಸಣ್ಣ ಹುಳುವಿನ ಮೇಲೆ ಪಡುತ್ತಿದ್ದೇನೆ.

ತಕ್ಷಣ ಫೋನ್ ಆನ್ ಮಾಡಿದಳು. ನಿನಗೇ ಮಾಡುತ್ತಾಳೆ ಎಂದುಕೊಂಡು ಹಲ್ಲು ಕಚ್ಚಿ ನಿಂತಿದ್ದೆ. ಮಾಡಿದ್ದು ದೊಡ್ಡವೆಂಕಟಪ್ಪನವರಿಗೆ. "ತಾತ, ಸೋಮ್ವಾರ ಔಷ್ದಿ ಹೊಡೀಬ್ಯಾಡಿ! ನಮ್ಮಮ್ಮ ಹೊಡ್ಸ್‌ಬುಟ್ಟವ್ಳೆ, ಅದ್ಕೇ ಹಂಗಾಗಿದ್ದು!" ಮೊದಲ ಫೋನು ನಿನಗಲ್ಲ. ನನಗೆ ಅದೊಂದು ಸಮಾಧಾನ.

ಆ ಮುದುಕರು ನಂಬಲಿಲ್ಲ. ಸೋತ ಹುಡುಗಿ ನೆಪ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ತಾಯಿಯ ಬಾಯಿಂದಲೇ ಕೇಳಬೇಕು ಎಂದರು. ಹೋದೆ. ತೊರಪಲ್ಲಿಯಲ್ಲಿ ಅವರ ಪಂಪ್‌ಸೆಟ್ ಮನೆ ಮುಂದೆ ತೋಟದವರೆಲ್ಲ ಸೇರಿದ್ದರು. ಅವರಲ್ಲಿ ಇಬ್ಬರು ನನ್ನ ಕೈಯಲ್ಲಿ ಕನ್ನಡ ಕಲಿತವರು, ಎದ್ದು ನಿಂತು ಕೈಮುಗಿದರು. ಅವರ ಮುಂದೆ ಹೇಳಿದೆ. ದೊಡ್ಡವೆಂಕಟಪ್ಪ, "ಓದಿದೋರು ನೀವು, ಮಗ್ಳು ಮಾಡಿದ್ ಕೆಲ್ಸಾನ ಯಾಕವ್ವಾ ಹಾಳ್ ಮಾಡುದ್ರಿ?" ಎಂದರು. ಮಗಳು ನನ್ನನ್ನು ಕೇಳದೆ ಬಿಟ್ಟಿದ್ದನ್ನು ಅವರು ಕೇಳಿದರು. "ಮರ ವಾಸಿಯಾದರೆ ಅವಳು ಮನೆಗೆ ಬರುವುದಿಲ್ಲ, ಅದಕ್ಕೆ" ಎಂದೆ. ಯಾರೂ ನಗಲಿಲ್ಲ. ಮುದುಕರು ಸುರೇಂದ್ರನಿಗೆ ಫೋನ್ ಮಾಡಿ ಬರಬೇಡ ಎಂದರು. ಕಣಜ ಉ‍ಳಿಯಿತು.

ವಾಪಸು ಬರುವಾಗ ಅವಳು ಸ್ಕೂಟರ್ ಓಡಿಸುತ್ತಿದ್ದಳು. ರೈಲ್ವೆ ಗೇಟು ಹಾಕಿತ್ತು, ನಿಂತೆವು. ಹಿಂದೆ ತಿರುಗದೆ, "ಅದಕ್ಕೆ ಹಿಂಗ್ಯಾಕ್ ಮಾಡ್ಬೇಕಿತ್ತಮ್ಮಾ, ಬಾ ಅಂದಿದ್ರೆ ಸಾಕಾಗಿತ್ತಲ್ಲ" ಎಂದಳು. "ಬರುತ್ತಿದ್ದೆಯಾ?" ಎಂದೆ. ರೈಲು ಹೋಗುವವರೆಗೂ ಯೋಚಿಸಿದಳು. ಆಮೇಲೆ, "ಇಲ್ಲ. ಬತ್ತಿರ್ಲಿಲ್ಲ" ಎಂದಳು. ಸುಳ್ಳು ಹೇಳುವುದನ್ನು ನಾನು ಅವಳಿಗೆ ಕಲಿಸಿಲ್ಲ. ಅವಳ ಬೆನ್ನಿಗೆ ಹಣೆಯಿಟ್ಟು ಅತ್ತೆ. ಗಾಡಿ ನಿಧಾನವಾಗಿ ಓಡಿಸಿದಳು.

ಈ ಕಾಗದ ತರುತ್ತಿರುವವಳು ಅವಳೇ, ಚೀಲದ ಸಮೇತ. ಅಂಟಿಸಿದ್ದೇನೆ, ಬಿಚ್ಚಿದ ಗುರುತಿದ್ದರೆ ನನಗೆ ತಿಳಿಸು. ಇನ್ನು ಹದಿನೈದು ದಿನಕ್ಕೊಂದು ಭಾನುವಾರ ಇಲ್ಲಿಗೆ ಬರುತ್ತಾಳಂತೆ. ಔಷಧಿ ಬಿದ್ದ ಮರದಲ್ಲಿ ಕಣಜ ಮತ್ತೆ ಹೇಗೆ ನೆಲೆಸುತ್ತದೆ ನೋಡಬೇಕಂತೆ, ಕದಿರಮ್ಮನ ಮರಗಳನ್ನೂ ನೋಡಬೇಕಂತೆ. ಅಮ್ಮನನ್ನು ನೋಡಲು ಎಂದು ಬಾಯಿತಪ್ಪಿಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬರಲಿ, ಮರ ನೋಡಲಿಕ್ಕೇ ಬರಲಿ.

ನೀನು ಬಂಡೆಯಿಂದ ಇಳಿದುಬಂದೆಯಲ್ಲ, ಅದನ್ನು ನಾನಾಗಿದ್ದರೆ ಮಾಡುತ್ತಿರಲಿಲ್ಲ. ಇದನ್ನು ಒಪ್ಪಿಕೊಂಡೆ ಎಂದು ಬೀಗಬೇಡ. ಅವಳನ್ನು ಶನಿವಾರ ಸಂಜೆಯೇ ಕಳಿಸು. ಭಾನುವಾರ ಬೆಳಿಗ್ಗೆ ಕಳಿಸಿದರೆ, ಅಷ್ಟು ಹೊತ್ತನ್ನು ನೀನು ಬೇಕೆಂದೇ ಇಟ್ಟುಕೊಂಡೆ ಎಂದು ತಿಳಿದುಕೊಳ್ಳುತ್ತೇನೆ.

ನಿನ್ನ ಅತ್ತಿಗೆ
ಶ್ರೀರಂಜನಿ